ತಿಂಗಳ ಮೊದಲ ಹತ್ತು ದಿನ

ಕೇಳುಗರೆಲ್ಲರಿಗೂ ನಮಸ್ಕಾರ. ಮಂಡ್ಯದ ಕಡೆಯಿಂದ ಮೈಸೂರಿಗೆ ಓದಲು ಬರುವ ಮಕ್ಕಳ ತಿಂಗಳ ಖರ್ಚಿನ ಬಗ್ಗೆ ಇಂದು ಕೆಲವು ಮಾತು.

ಮೈಸೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತ ಇಪ್ಪತ್ತು ವರ್ಷಗಳ ಮೇಲಾಯಿತು. ಪ್ರಯೋಗಾಲಯದಲ್ಲಿ ನಿಂತಿದ್ದವರು ತಲೆಸುತ್ತು ಬಂದು ಕುಳಿತುಬಿಡುವುದನ್ನು ಈ ಅವಧಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಹಾಗೆ ಕುಳಿತಾಗ, ಬೆಳಿಗ್ಗೆ ಏನು ತಿಂದೆಯಮ್ಮ ಎಂದು ಕೇಳಿದೆ. "ಟೀ ಕುಡ್ಕೊಂಡು ಬಂದೆ ಮೇಡಂ" ಎಂದಳು. ಅಂದು ತಿಂಗಳ ಏಳನೆಯ ತಾರೀಖು. ತಿಂಗಳ ಆರಂಭದಲ್ಲೇ ಕೈಯಲ್ಲಿ ಹಣವಿಲ್ಲದಿರುವುದು ಹೇಗೆ ಎಂದು ನನಗೆ ಆಶ್ಚರ್ಯವಾಯಿತು. ವಿಚಾರಿಸಿದ ಮೇಲೆ ಅದಕ್ಕೆ ಕಾರಣ ಸ್ಪಷ್ಟವಾಯಿತು.

ಸಂಬಳದ ಮನೆಯ ಮಕ್ಕಳಿಗೆ ತಿಂಗಳ ಕೊನೆ ಕಷ್ಟವಾದರೆ, ಬೇಸಾಯದ ಮನೆಯ ಮಕ್ಕಳಿಗೆ ತಿಂಗಳ ಮೊದಲೇ ಕಷ್ಟ. ಆಕೆಯ ಓದು ನಡೆಯುತ್ತಿದ್ದುದು ತಾಯಿ ಡೈರಿಗೆ ಹಾಕುವ ಹಾಲಿನ ಬಟವಾಡೆಯಿಂದ. ಆ ಹಣ ಸ್ವಲ್ಪಸ್ವಲ್ಪವಾಗಿ ತಿಂಗಳುದ್ದಕ್ಕೂ ಬರುತ್ತದೆ; ಕೊಠಡಿಯ ಬಾಡಿಗೆಯನ್ನು ಮಾತ್ರ ಐದನೆಯ ತಾರೀಖಿನೊಳಗೆ ಒಟ್ಟಿಗೇ ಕೊಡಬೇಕು. ಮೊದಲ ಬಟವಾಡೆ ಪೂರ್ತಿ ಬಾಡಿಗೆಗೆ ಹೋದ ಮೇಲೆ, ಮುಂದಿನದು ಬರುವವರೆಗೆ ಆಕೆ ಬೆಳಗಿನ ತಿಂಡಿಯನ್ನು ಬಿಟ್ಟುಬಿಡುತ್ತಿದ್ದಳು. ಇಡೀ ತಿಂಗಳ ಲೆಕ್ಕ ಹಾಕಿ ನೋಡಿದರೆ ಬರುವ ಹಣ ಖರ್ಚಿಗೆ ಹೆಚ್ಚುಕಡಿಮೆ ಸಾಲುತ್ತಿತ್ತು. ತಾರೀಖುಗಳು ಮಾತ್ರ ಹೊಂದುತ್ತಿರಲಿಲ್ಲ. ಆದುದರಿಂದ ಖರ್ಚಿನ ಪಟ್ಟಿ ಬರೆಯುವ ವಿದ್ಯಾರ್ಥಿಗಳು ಪ್ರತಿಯೊಂದು ಬಾಬಿನ ಮುಂದೆ ಮೊತ್ತದ ಜೊತೆಗೆ ತಾರೀಖನ್ನೂ, ಮನೆಯಿಂದ ಹಣ ಬರುವ ದಿನವನ್ನೂ ಬರೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕಬ್ಬಿನ ಹಣದ ವಿಷಯ ಇದಕ್ಕಿಂತ ಕಠಿಣವಾದುದು. ಬೆಳೆ ಕೈಗೆ ಬರಲು ವರ್ಷ ಬೇಕು. ಕಬ್ಬು ಕಾರ್ಖಾನೆ ಸೇರಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಬಾಕಿಗಾಗಿ ತಿಂಗಳುಗಟ್ಟಲೆ ಕಾದ ಮನೆಗಳನ್ನು ಮಂಡ್ಯದವರಿಗೆ ನಾನು ತೋರಿಸಿಕೊಡಬೇಕಾಗಿಲ್ಲ. ಆ ಹಣ ಬಂದ ದಿನವೇ, ಕೈಸಾಲ ತೀರಿಸುವ ಮತ್ತು ಗೊಬ್ಬರ ತರುವ ಮೊದಲು, ಮಕ್ಕಳ ಐದಾರು ತಿಂಗಳ ಬಾಡಿಗೆಯಷ್ಟನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ ಎಂದು ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ. ಇದು ಹೇಳಿದಷ್ಟು ಸುಲಭವಲ್ಲವೆಂಬುದು ನನಗೆ ತಿಳಿದಿದೆ. ನಾನೂ ಬೇಸಾಯದ ಮನೆಯಲ್ಲೇ ಬೆಳೆದವಳು.

ವಿದ್ಯಾರ್ಥಿವೇತನವನ್ನು ತಿಂಗಳ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಅದು ಸಾಮಾನ್ಯವಾಗಿ ಶೈಕ್ಷಣಿಕ ವರ್ಷ ಬಹಳ ಮುಂದುವರಿದ ಮೇಲೆ, ಒಂದೇ ಗಂಟಾಗಿ ಬರುತ್ತದೆ. ಹಾಗೆಂದು ಅರ್ಜಿಯನ್ನು ಅಲಕ್ಷಿಸುವುದೂ ಸಲ್ಲದು. ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ಮೊದಲು ಅರ್ಜಿ ಹಾಕಬೇಕು. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ಹತ್ತು ತಿಂಗಳ ಸಹಾಯಧನ ಕೊಡುವ 'ವಿದ್ಯಾಸಿರಿ' ಯೋಜನೆಯಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತುಹೋದ ಪ್ರಸಂಗಗಳನ್ನು ಕಂಡಿರುವುದರಿಂದ, ಅದನ್ನು ಕಾಲೇಜು ಸೇರಿದ ವಾರದಲ್ಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಊಟದ ವಿಷಯದಲ್ಲಿ ನನಗೆ ಹೆಚ್ಚಿನ ಕಳಕಳಿಯಿದೆ, ಏಕೆಂದರೆ ಕೈ ಬಿಗಿಯಾದಾಗ ಮಕ್ಕಳು ಮೊದಲು ಕಡಿತ ಮಾಡುವುದು ಅದನ್ನೇ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕದ ಪಡುವಾರಹಳ್ಳಿಯಲ್ಲಿ ನಾಲ್ವರು ಸೇರಿ ಕೊಠಡಿ ಹಿಡಿದು, ಊರಿನಿಂದ ಅಕ್ಕಿ, ರಾಗಿಹಿಟ್ಟು, ಹುರುಳಿಕಾಳು, ಅವರೆಕಾಳು ತಂದುಕೊಂಡು ಅಡುಗೆ ಮಾಡಿಕೊಳ್ಳುವವರನ್ನು ಕಂಡಿದ್ದೇನೆ. ಮಂಡ್ಯದ ಕಡೆಯವರಿಗೆ ಉಪ್ಪೆಸರು ಹೇಳಿಕೊಡಬೇಕಾದ ಅಡುಗೆಯಲ್ಲ: ಕಾಳು ಮತ್ತು ಸೊಪ್ಪು ಒಂದೇ ಪಾತ್ರೆಯಲ್ಲಿ ಬೆಂದರೆ, ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಅರೆದ ಖಾರವೊಂದಿದ್ದರೆ ಮುದ್ದೆಯೂಟಕ್ಕೆ ಬೇರೇನೂ ಬೇಡ. ಒಂದು ಕಿಲೋ ರಾಗಿಹಿಟ್ಟಿನಲ್ಲಿ ಹತ್ತು ಮುದ್ದೆಗಳಿಗೆ ಕೊರತೆಯಿಲ್ಲ. ಅಡುಗೆ ಅನಿಲಕ್ಕೆ, ವಿಳಾಸದ ಪುರಾವೆಯಿಲ್ಲದೆ ಗುರುತಿನ ಚೀಟಿ ತೋರಿಸಿ ಪಡೆಯಬಹುದಾದ 5 ಕಿಲೋ ಸಿಲಿಂಡರ್ ಇದೆ. ಅಡುಗೆಗೆ ಅನುಕೂಲವಿಲ್ಲದವರಿಗೆ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ದೊರೆಯುತ್ತದೆ. ಅಲ್ಲಿ ಸಾಲಿನಲ್ಲಿ ನಿಂತರೆ ಗೆಳೆಯರು ಏನೆಂದುಕೊಂಡಾರು ಎಂದು ಸಂಕೋಚಪಡುವ ಮಕ್ಕಳಿದ್ದಾರೆ. ಅವರನ್ನು ನಾನೇ ಜೊತೆಯಲ್ಲಿ ಕರೆದುಕೊಂಡು ಹೋಗಿ ಊಟ ಮಾಡಿದ್ದೂ ಉಂಟು.

ದಿನವೂ ಊರಿನಿಂದ ಓಡಾಡಿದರೆ ಬಾಡಿಗೆಯೇ ಉಳಿಯುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಇದೆ, ರೈಲಿನ ತಿಂಗಳ ಪಾಸೂ ಇದೆ. ಶ್ರೀರಂಗಪಟ್ಟಣದವರಿಗೆ ಇದು ಖಂಡಿತ ಒಪ್ಪುವ ದಾರಿ. ಮಂಡ್ಯ ಪಟ್ಟಣದಿಂದಲೂ ಸಾಧ್ಯ. ಆದರೆ ಮಂಡ್ಯದಿಂದಾಚೆ ಹಳ್ಳಿಯಲ್ಲಿದ್ದು ಎರಡು ಬಸ್ಸು ಬದಲಿಸಿ ಬರುವವರಿಗೆ ದಿನದ ನಾಲ್ಕು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ, ಪ್ರಯೋಗಾಲಯದ ತರಗತಿ ಸಂಜೆಯವರೆಗೆ ನಡೆದ ದಿನ ಕೊನೆಯ ಬಸ್ಸಿನ ಆತಂಕವೂ ಸೇರಿಕೊಳ್ಳುತ್ತದೆ. ಅಂಥವರು ಕೊಠಡಿ ಹಿಡಿಯುವುದೇ ಮೇಲೆಂದು ನನ್ನ ಅಭಿಪ್ರಾಯ.

ಮದ್ದೂರಿನ ಆ ವಿದ್ಯಾರ್ಥಿನಿಯ ಕೊಠಡಿಯ ಮಾಲೀಕರನ್ನು ಆಮೇಲೆ ನಾನು ಭೇಟಿಯಾದೆ. ಬಾಡಿಗೆ ಕಡಿಮೆ ಮಾಡಿ ಎಂದು ಕೇಳಲಿಲ್ಲ. ಹತ್ತನೆಯ ತಾರೀಖಿಗೆ ಅರ್ಧ, ಇಪ್ಪತ್ತೈದಕ್ಕೆ ಇನ್ನರ್ಧ ತೆಗೆದುಕೊಳ್ಳಬಹುದೆ ಎಂದಷ್ಟೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಿದ್ರೆ ಆಗ್ತಿತ್ತಲ್ಲಮ್ಮ, ಆ ಮಗು ಬಾಯೇ ಬಿಡ್ಲಿಲ್ಲ" ಎಂದು ಒಪ್ಪಿಕೊಂಡರು. ಮುಂದಿನ ತಿಂಗಳ ಏಳನೆಯ ತಾರೀಖು ನಾನು ಮತ್ತೆ ಅದೇ ಪ್ರಶ್ನೆ ಕೇಳಿದಾಗ, ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡೆವೆಂದು ಆಕೆ ಹೇಳಿದಳು.

ನಮಸ್ಕಾರ.