ಚರಾಕ್ಷರದಲ್ಲಿ ಅಕ್ಷರವನ್ನಲ್ಲ, ಪರಿಮಾಣವನ್ನು ನೋಡೋಣ

ನಮಸ್ಕಾರ. ಗಣಿತದಲ್ಲಿ ಎಕ್ಸ್ ಎಂದರೆ ಸ್ವತಂತ್ರ ಚರ (ನಾವು ಮೊದಲು ತೆಗೆದುಕೊಳ್ಳುವ, ಬದಲಾಗಬಲ್ಲ ಪರಿಮಾಣ), ವೈ ಎಂದರೆ ಅವಲಂಬಿತ ಚರ (ಅದನ್ನು ನೆಚ್ಚಿಕೊಂಡು ಬದಲಾಗುವ ಪರಿಮಾಣ) ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ನಾವು ನಿಲ್ಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಪಠ್ಯಪುಸ್ತಕಗಳಲ್ಲಿರುವ ‘ಚರಾಕ್ಷರ’ ಎಂಬ ಪದವೇ ಕಣ್ಣನ್ನು ಅಕ್ಷರದ ಕಡೆಗೆ ಎಳೆಯುತ್ತದೆ. ಆದರೆ ಬದಲಾಗುವುದು ಅಕ್ಷರವಲ್ಲ, ಅದು ಸೂಚಿಸುವ ಪರಿಮಾಣ.

ಬೆಂಗಳೂರಿನ ಆಟೊ ಬಾಡಿಗೆಯನ್ನೇ ತೆಗೆದುಕೊಳ್ಳೋಣ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. 5 ಕಿಲೋಮೀಟರ್ ಹೋದರೆ 36ಕ್ಕೆ 54 ಸೇರಿ 90 ರೂಪಾಯಿ ಆಗುತ್ತದೆ. ಇಲ್ಲಿ ದೂರ ಸ್ವತಂತ್ರ, ಬಾಡಿಗೆ ಅವಲಂಬಿತ. ‘ದೂರ ಹೆಚ್ಚಿದ್ದರಿಂದ ಬಾಡಿಗೆ ಹೆಚ್ಚಿತು’ ಎಂಬ ಮಾತು ಸರಿಯೆಂದೂ, ‘ಬಾಡಿಗೆ ಹೆಚ್ಚಿದ್ದರಿಂದ ಮನೆ ದೂರವಾಯಿತು’ ಎಂಬುದು ಅಸಂಬದ್ಧವೆಂದೂ ಐದನೇ ತರಗತಿಯ ಮಗುವೂ ಕಿವಿಯಿಂದಲೇ ತೀರ್ಮಾನಿಸಬಲ್ಲದು, ಮತ್ತು ಆ ತೀರ್ಮಾನವೇ ನಿಜವಾದ ಗಣಿತ. 36 ಮತ್ತು 18 ಈ ಪ್ರಯಾಣದ ಮಟ್ಟಿಗೆ ಸ್ಥಿರಾಂಕಗಳು, ಅಂದರೆ ಬದಲಾಗದ ಸಂಖ್ಯೆಗಳು.

ಈಗ ಪ್ರಶ್ನೆಯನ್ನು ತಿರುಗಿಸೋಣ. ಕೈಯಲ್ಲಿ 90 ರೂಪಾಯಿ ಇದೆ, ಎಷ್ಟು ದೂರ ಹೋಗಬಹುದು? ಸಂಬಂಧ ಅದೇ ಆದರೂ ಈಗ ಮೊದಲು ಗೊತ್ತಿರುವುದು ಹಣ, ಅದನ್ನು ನೆಚ್ಚಿಕೊಂಡಿರುವುದು ಹೋಗಬಹುದಾದ ದೂರ. ಯಾವ ಚರ ಸ್ವತಂತ್ರವೆಂಬುದನ್ನು ಇಲ್ಲಿ ಪ್ರಶ್ನೆ ನಿರ್ಧರಿಸಿತೇ ಹೊರತು ಅಕ್ಷರವಲ್ಲ.

ಆದರೆ ಹೀಗೆ ತಿರುಗಿಸುವುದು ಎಲ್ಲೆಡೆಯೂ ಸಾಧ್ಯವಿಲ್ಲ, ನನಗೆ ಈ ಉದಾಹರಣೆ ಬಹಳ ಪ್ರಿಯವಾಗಿರುವುದೂ ಅದಕ್ಕಾಗಿಯೇ. ಅರ್ಧ ಕಿಲೋಮೀಟರ್ ಹೋದವರೂ, ಒಂದೂವರೆ ಕಿಲೋಮೀಟರ್ ಹೋದವರೂ ಕೊಡುವುದು 36 ರೂಪಾಯಿಯೇ. ದೂರ ತಿಳಿದಿದ್ದರೆ ಬಾಡಿಗೆಯನ್ನು ಖಚಿತವಾಗಿ ಹೇಳಬಹುದು. ಆದರೆ 36 ರೂಪಾಯಿ ಕೊಟ್ಟರು ಎಂಬುದಷ್ಟೇ ತಿಳಿದಿದ್ದರೆ ಅವರು ಎಷ್ಟು ದೂರ ಹೋದರೆಂದು ಯಾರೂ ಹೇಳಲಾರರು. ಎರಡು ಚರಗಳ ನಡುವಿನ ಅವಲಂಬನೆಗೆ ದಿಕ್ಕು ಇರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ, ಹಾಗಾಗಿ ಶಿಕ್ಷಕರು ಇದಕ್ಕೆ ಒಂದು ಇಡೀ ಅವಧಿಯನ್ನು ಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ಗ್ರಾಫ್ ಹಾಳೆಯಲ್ಲಿ ಮೊದಲ 2 ಕಿಲೋಮೀಟರಿನವರೆಗೆ ಗೆರೆ ಮಟ್ಟಸವಾಗಿ ಸಾಗಿ, ಅಲ್ಲಿಂದ ಮೇಲೇರುವುದನ್ನು ಮಕ್ಕಳು ತಮ್ಮ ಕೈಯಾರೆ ಎಳೆಯಲಿ.

ಆಮೇಲೆ ಕಾಯುವಿಕೆಯ ಶುಲ್ಕವನ್ನು ಸೇರಿಸಬಹುದು: ಮೊದಲ 5 ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಔಷಧಿ ಅಂಗಡಿಯ ಮುಂದೆ ಆಟೊ ನಿಂತಿರುವಾಗ ದೂರ ಕಿಂಚಿತ್ತೂ ಬದಲಾಗದಿದ್ದರೂ ಬಾಡಿಗೆ ಏರಿದ್ದೇಕೆ ಎಂದು ಕೇಳಿದರೆ, ಕಾಲವೂ ಇಲ್ಲಿ ಇನ್ನೊಂದು ಸ್ವತಂತ್ರ ಚರವೆಂದು ಮಕ್ಕಳೇ ಹೇಳುತ್ತಾರೆ.