ಕಳವಾದ ಮನೆಯಲ್ಲಿ ಏನನ್ನೂ ಮುಟ್ಟಬೇಡಿ

ಕೇಳುಗರಿಗೆ ಶರಣು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಈಗ ಹೊಲದಿಂದ ಬಂದು ರೇಡಿಯೊ ಹಚ್ಚಿರುತ್ತೀರಿ. ನಾನು ಬಹಳ ವರ್ಷ ಬೆರಳಚ್ಚು ನೋಡುವ ಕೆಲಸ ಮಾಡಿದವನು. ಇವತ್ತು ಒಂದೇ ಮಾತು ಹೇಳುತ್ತೇನೆ. ಮನೆ ಕಳವಾದರೆ ಒಳಗಿನ ಏನನ್ನೂ ಮುಟ್ಟಬೇಡಿ.

ಯಾಕೆ ಅಂತೀರಾ? 1898ರ ಸಂಗತಿ ಕೇಳಿ. ಬಂಗಾಳದ ಜಲ್ಪಾಯ್‌ಗುರಿ ಕಡೆ ಒಂದು ಚಹಾ ತೋಟ. ಅದರ ಮ್ಯಾನೇಜರ್ ಹಾಸಿಗೆಯಲ್ಲೇ ಕೊಲೆಯಾಗಿ ಬಿದ್ದಿದ್ದ. ಹಣ ಹೋಗಿತ್ತು. ತೋಟದ ಆಳುಗಳ ಮೇಲೆ ಸಂಶಯ, ಅಡುಗೆಯವನ ಮೇಲೂ ಸಂಶಯ. ಕಣ್ಣಾರೆ ಕಂಡವರು ಯಾರೂ ಇಲ್ಲ. ಮ್ಯಾನೇಜರನ ಪೆಟ್ಟಿಗೆಯಲ್ಲಿ ನೀಲಿ ರಟ್ಟಿನ ಒಂದು ಪಂಚಾಂಗವಿತ್ತು. ನಮ್ಮ ಮನೆಗಳಲ್ಲೂ ಇರುತ್ತದಲ್ಲ, ಅಂಥದ್ದೇ. ಅದರ ಮೇಲೆ ಕಂದು ಬಣ್ಣದ ಎರಡು ಮಸುಕು ಕಲೆ. ಭೂತಗನ್ನಡಿ ಹಿಡಿದರೆ, ಒಂದು ಬಲಗೈ ಹೆಬ್ಬೆಟ್ಟು! ರಕ್ತದ ಹೆಬ್ಬೆಟ್ಟು!

ಹಿಂದಿನ ವರ್ಷವಷ್ಟೇ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ಶುರುವಾಗಿತ್ತು. ಸಾವಿರಾರು ಗುರುತುಗಳಲ್ಲಿ ಒಂದನ್ನು ಹುಡುಕುವ ವಿಧಾನವನ್ನು ಆಗಿನ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಹೆಸರಿನಲ್ಲಿ ಕರೆಯುತ್ತಾರೆ. ಆದರೆ ಅದಕ್ಕೆ ಹಗಲಿರುಳು ದುಡಿದವರು ನಮ್ಮವರೇ, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಈ ಎರಡು ಹೆಸರು ನಿಮ್ಮ ಮಕ್ಕಳಿಗೆ ಹೇಳಿ. ಆ ಕಚೇರಿಯವರು ದಾಖಲೆ ತೆಗೆದು ನೋಡಿದರು. ಆ ಹೆಬ್ಬೆಟ್ಟು ಅದೇ ಮ್ಯಾನೇಜರನ ಹಳೆಯ ಆಳಿನದು! ಮೊದಲೊಮ್ಮೆ ಅವನ ಮನೆಯಲ್ಲೇ ಕದ್ದು ಜೈಲಿಗೆ ಹೋಗಿದ್ದವನು. ಕೊಲೆ ಮಾಡಿದ್ದನ್ನು ಕಂಡವರಿಲ್ಲ ಅಂತ ಕೋರ್ಟು ಕಳವಿಗೆ ಮಾತ್ರ ಶಿಕ್ಷೆ ಕೊಟ್ಟಿತು.

ಈಗ ಹೇಳಿ, ಆ ಪಂಚಾಂಗವನ್ನು ಯಾರಾದರೂ ಒರೆಸಿ ಎತ್ತಿಟ್ಟಿದ್ದರೆ?

ನಮ್ಮ ಜಿಲ್ಲೆಯಲ್ಲೇ ಒಂದು ಮನೆಯಲ್ಲಿ ಬಂಗಾರ ಹೋಗಿತ್ತು. ನಾನು ಹೋಗುವಷ್ಟರಲ್ಲಿ ಕಸ ಗುಡಿಸಿಯಾಗಿತ್ತು. ಆ ತಾಯಿ ಕಪಾಟನ್ನು ಸೆರಗಿನಿಂದ ಒರೆಸಿ ನಿಂತಿದ್ದರು. ಓಣಿಗೆ ಓಣಿಯೇ ಒಳಗಿತ್ತು. ಪುಡಿ ಹಚ್ಚಿ ನೋಡಿದರೆ ಸಿಕ್ಕ ಗುರುತೆಲ್ಲ ಬಂಧು ಬಳಗದವರದೇ. ಎಷ್ಟು ಸಲ ಹೇಳಬೇಕು, ಮುಟ್ಟಬೇಡಿ!

ಹೆಜ್ಜೆ ಗುರುತು, ಕೂದಲು, ಸೇದಿ ಎಸೆದ ಬೀಡಿ ತುಂಡು, ಇವೂ ಅಷ್ಟೇ ಮುಖ್ಯ. ಅದನ್ನೆಲ್ಲ ವಿವರಿಸಲು ಈಗ ಸಮಯವಿಲ್ಲ. 2024ರ ಜುಲೈನಿಂದ ಹೊಸ ಕಾನೂನು ಬಂದಿದೆ. ದೊಡ್ಡ ಅಪರಾಧವಾದರೆ ತಜ್ಞರೇ ಸ್ಥಳಕ್ಕೆ ಬರಬೇಕು ಅನ್ನುತ್ತದೆ. ಬಂದವರಿಗೆ ನೋಡಲು ಏನಾದರೂ ಉಳಿದಿರಬೇಕು, ಅಲ್ವಾ?

ಹೊರಗೆ ಬನ್ನಿ. 112ಕ್ಕೆ ಫೋನ್ ಮಾಡಿ. ಹಿರಿಯರೊಬ್ಬರನ್ನು ಕಟ್ಟೆ ಮೇಲೆ ಕೂರಿಸಿ, ಯಾರನ್ನೂ ಒಳಗೆ ಬಿಡಬೇಡಿ ಅನ್ನಿ. ಮಾತಾಡಿಸಲು ಬಂದ ಬೀಗರನ್ನೂ.