ಕೊರಳಿನ ಏಳು ಮಣಿಗಳು

ಕೇಳುಗರಿಗೆ ನಮಸ್ಕಾರ. ಬೆನ್ನೆಲುಬುಳ್ಳ ಪ್ರಾಣಿಗಳ ದೇಹವನ್ನು ತಲೆ, ಕತ್ತು, ಎದೆ, ಹೊಟ್ಟೆ, ಬಾಲ ಎಂದು ವಿಂಗಡಿಸುವುದು ವಾಡಿಕೆಯಾದರೂ ಈ ಭಾಗಗಳು ಎಲ್ಲ ಪ್ರಾಣಿಗಳಿಗೂ ಇರುವುದಿಲ್ಲ. ಮೀನಿಗೆ ಕತ್ತೇ ಇಲ್ಲ. ನಾವು ಊಟಕ್ಕೆ ತರುವ ಬಹುಪಾಲು ಮೀನುಗಳಲ್ಲಿ ಮುಂದಿನ ಈಜುರೆಕ್ಕೆಗಳನ್ನು ಹೊರುವ ಮೂಳೆಗಳು ತಲೆಬುರುಡೆಗೇ ಕೂಡಿಕೊಂಡಿರುವುದರಿಂದ, ಅವು ಪಕ್ಕಕ್ಕೆ ಹೊರಳಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ದೊರೆತ, ಸುಮಾರು 37.5 ಕೋಟಿ ವರ್ಷ ಹಳೆಯದಾದ ಟಿಕ್ಟಾಲಿಕ್ ಎಂಬ ಜೀವಿಯ ಪಳೆಯುಳಿಕೆಯಲ್ಲಿ ಈ ಕೂಡುವಿಕೆ ಕಳಚಿಹೋಗಿ ತಲೆಯು ಭುಜದಿಂದ ಬಿಡುಗಡೆ ಪಡೆದಿರುವುದು ಕಾಣುತ್ತದೆ.

ಕಪ್ಪೆಯ ಕತ್ತಿಗೆ ಬೆನ್ನೆಲುಬಿನ ಮೂಳೆಮಣಿ ಒಂದೇ. ಹಕ್ಕಿಗಳು ಈ ವಿಷಯದಲ್ಲಿ ಧಾರಾಳಿಗಳು. ಕಣ್ಣುಗುಡ್ಡೆಗಳನ್ನು ಹೊರಳಿಸಲಾರದ ಗೂಬೆ ತನ್ನ 14 ಮಣಿಗಳ ನೆರವಿನಿಂದ ತಲೆಯನ್ನು ಸುಮಾರು 270 ಡಿಗ್ರಿಯಷ್ಟು ತಿರುಗಿಸುತ್ತದೆ. ಹಂಸದ ಕೊರಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಣಿಗಳಿವೆ.

ಸಸ್ತನಿಗಳಲ್ಲಿ ಮಾತ್ರ ಲೆಕ್ಕ ಬಿಗಿ. ಇಲಿಗೂ ಏಳು, ನಮಗೂ ಏಳು, ಜಿರಾಫೆಗೂ ಏಳೇ. ಜಿರಾಫೆಯ ಒಂದೊಂದು ಮಣಿಯೇ 25 ಸೆಂಟಿಮೀಟರನ್ನು ಮೀರಿ ಬೆಳೆದಿದ್ದರೆ, ತಿಮಿಂಗಿಲದ ಏಳು ಮಣಿಗಳು ತೆಳು ಬಿಲ್ಲೆಗಳಂತೆ ಒತ್ತಿಕೊಂಡಿವೆ. ಆರೇ ಮಣಿಗಳಿರುವ, ನೀರಿನಲ್ಲಿ ಬಾಳುವ ಮನಾಟೀ ಮತ್ತು ಮರಗಳಲ್ಲಿ ನೇತಾಡುವ, ಮಣಿಗಳ ಎಣಿಕೆ ಜಾತಿಯಿಂದ ಜಾತಿಗೆ ಬದಲಾಗುವ ಸ್ಲಾತ್‌ಗಳಷ್ಟೇ ಈ ಕಟ್ಟಳೆಗೆ ಒಳಪಡದ ಜೀವಿಗಳು.

ಏಳರ ಈ ಹಟಕ್ಕೆ ಕಾರಣವೇನು? ಉಸಿರಾಟಕ್ಕೆ ದುಡಿಯುವ ವಪೆಯನ್ನು ಗಮನಿಸಿ. ಎದೆಗೂ ಹೊಟ್ಟೆಗೂ ನಡುವಿನ ಈ ಸ್ನಾಯುವಿನ ಜೀವಕೋಶಗಳು ಭ್ರೂಣದಲ್ಲಿ ಕತ್ತಿನ ಭಾಗದಿಂದ ಇಳಿದು ಬಂದವು. ಆದ್ದರಿಂದಲೇ ಅದನ್ನು ಆಡಿಸುವ ನರ ಇಂದಿಗೂ ಕತ್ತಿನ ಮೂರು, ನಾಲ್ಕು, ಐದನೆಯ ಮಟ್ಟಗಳಿಂದ ಹೊರಡುತ್ತದೆ. ಕತ್ತಿಗೆ ಪೆಟ್ಟು ಬಿದ್ದವರ ಉಸಿರೇ ನಿಲ್ಲುವ ಅಪಾಯವಿರುವುದೂ ಇದರಿಂದಲೇ. ಮಣಿಗಳ ಎಣಿಕೆ ಬದಲಾದರೆ ಈ ಏರ್ಪಾಡು ಕೆಡಬಹುದು. ಅಲ್ಲದೆ, ಎಣಿಕೆಯನ್ನು ನಿರ್ಧರಿಸುವ ಜೀನ್‌ಗಳು ಭ್ರೂಣದ ಬೇರೆ ಕೆಲಸಗಳಲ್ಲೂ ಕೈಹಾಕಿರುವುದರಿಂದ ಎಣಿಕೆ ತಪ್ಪಿದರೆ ಇತರ ಅಂಗಗಳೂ ಕೆಡುತ್ತವೆ ಎಂಬುದು ಕೆಲವು ವಿಜ್ಞಾನಿಗಳ ವಾದ. ಏಳನೆಯ ಮಣಿಗೆ ಪಕ್ಕೆಲುಬು ಮೂಡಿದ ಮಾನವ ಭ್ರೂಣಗಳಲ್ಲಿ ಬೇರೆ ದೋಷಗಳೂ ಹೆಚ್ಚಾಗಿ ಕಂಡುಬಂದಿರುವುದರಿಂದ, ಈ ವಾದ ನನಗೆ ಒಪ್ಪಿಗೆಯಾಗುವಂತಿದೆ.

ಕತ್ತು ಉದ್ದವಾದುದರ ತೊಂದರೆಯನ್ನು ಅನುಭವಿಸಿದ್ದು ಧ್ವನಿಪೆಟ್ಟಿಗೆಯ ನರ. ಮೀನಿನಲ್ಲಿ ಹೃದಯವೂ ಕಿವಿರುಗಳೂ ತಲೆಯ ಹಿಂದೆಯೇ ಇರುವುದರಿಂದ, ಮಿದುಳಿನಿಂದ ಕಿವಿರಿಗೆ ಹೋಗುವ ಅದೇ ಮೂಲದ ನರಕ್ಕೆ ದಾರಿ ನೇರವಾಗಿತ್ತು. ಕತ್ತು ಹುಟ್ಟಿ ಹೃದಯವು ಎದೆಗೆ ಇಳಿದಾಗ, ಅದರಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕೆಳಗೆ ಸಿಕ್ಕಿಕೊಂಡ ಎಡಭಾಗದ ನರವೂ ಅದರೊಡನೆ ಕೆಳಕ್ಕೆ ಎಳೆಯಲ್ಪಟ್ಟಿತು. ಜಿರಾಫೆಯಲ್ಲಿ ಈ ನರ, ಮಿದುಳಿಗೆ ಹತ್ತಿರದಲ್ಲೇ ಇರುವ ಧ್ವನಿಪೆಟ್ಟಿಗೆಯನ್ನು ಮುಟ್ಟಲು, ಎದೆಯವರೆಗೆ ಇಳಿದು ಮತ್ತೆ ಕತ್ತಿನುದ್ದಕ್ಕೂ ಏರಿ, ಹಲವು ಮೀಟರುಗಳ ದಾರಿ ಸವೆಸುತ್ತದೆ.